ಹತ್ತು ನಿಮಿಷದಮ್ಮನ ಅವಳಿ ಮಕ್ಕಳು

ಕಣ್ಣಿನ ಆಸ್ಪತ್ರೆಗೆ ಬರುವವರಲ್ಲಿ ಆಕೆಯ ನಿಜವಾದ ಹೆಸರು ತಿಳಿದವರು ಕಡಿಮೆ. ಎಲ್ಲರಿಗೂ ಆಕೆ ಹತ್ತು ನಿಮಿಷದಮ್ಮ. ಕೆಲವರು ಬೆನ್ನ ಹಿಂದೆ ಹಾಗೆನ್ನುತ್ತಿದ್ದರು, ಸಲುಗೆಯವರು ಮುಖದೆದುರಿಗೇ. "ನನ್ನ ಸರದಿ ಯಾವಾಗಮ್ಮ?" ಎಂದು ಯಾರೇ ಕೇಳಲಿ, ಬೆಂಚುಗಳ ಮೇಲೆ ಎಷ್ಟೇ ಜನ ಕೂತಿರಲಿ, ಆಕೆ ತಲೆಯೆತ್ತಿ ಕೇಳಿದವರ ಮುಖವನ್ನೇ ನೋಡಿ, "ಇನ್ನೊಂದು ಹತ್ತು ನಿಮಿಷ ಅಷ್ಟೇ, ಕೂತ್ಕೊಳ್ಳಿ" ಎನ್ನುತ್ತಿದ್ದಳು. ಸುಳ್ಳೆಂದು ಆಕೆಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಆದರೆ ಹೇಳುವ ದನಿಯಲ್ಲಿ ಎಂಥದೋ ಭರವಸೆ. ಜನ ಹೋಗಿ ಕೂತುಬಿಡುತ್ತಿದ್ದರು.

ಆಸ್ಪತ್ರೆ ಇದ್ದದ್ದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಣ್ಣು ಮಂಜಾದವರು ಹತ್ತಿ ಬರಬೇಕಾದ ಮೆಟ್ಟಿಲಲ್ಲೇ ಬೆಳಕಿಲ್ಲ ಎಂಬುದು ಅಲ್ಲಿನ ಹಳೆಯ ಜೋಕು. ಮೇಲೆ ಬಂದರೆ ಉದ್ದನೆಯ ಹಜಾರ, ಗೋಡೆಗೆ ಒತ್ತಿದ ಬೆಂಚುಗಳು, ಕೊನೆಯಲ್ಲಿ ಡಾಕ್ಟರ ಕೋಣೆ. ಆ ಕೋಣೆಯ ಬಾಗಿಲ ಪಕ್ಕದ ಮೇಜು ಈಕೆಯದು. ಚೀಟಿ ಬರೆಯುವುದು, ಫೋನು ಎತ್ತುವುದು, ಫೈಲು ಹುಡುಕುವುದು, ಕಣ್ಣಿಗೆ ಹನಿ ಹಾಕಿ "ಮುಚ್ಕೊಂಡಿರಿ, ಉಜ್ಜಬೇಡಿ" ಎಂದು ಗದರುವುದು, ಬೆಳಕು ಚುಚ್ಚುತ್ತದೆ ಎಂದು ಗೊಣಗುವವರನ್ನು ಕಿಟಕಿಯಿಂದ ದೂರ ಕೂರಿಸುವುದು, ಎಲ್ಲವೂ ಅವಳ ಕೆಲಸವೇ.

"ಒಂದು ಗಂಟೆ ಆಗುತ್ತೆ ಅಂದ್ರೆ ಎದ್ದು ಹೋಗ್ತಾರೆ ಕಣ್ರೀ," ಎಂದು ಗಂಡನಿಗೆ ಹೇಳುತ್ತಿದ್ದಳು. "ಹಾಗೆ ಹೋದವರು ಮತ್ತೆ ಬರೋದು ಕಣ್ಣು ಪೂರ್ತಿ ಕೆಟ್ಟ ಮೇಲೆ. ಹತ್ತು ನಿಮಿಷ ಅಂದ್ರೆ ಕೂತಿರ್ತಾರೆ. ನನ್ನ ಗಂಟೇನು ಹೋಗುತ್ತೆ?"

"ನಿನ್ನ ಗಂಟೇನೂ ಹೋಗಲ್ಲ ಬಿಡು," ಎನ್ನುತ್ತಿದ್ದ ಗಂಡ. "ಹೋಗೋದು ಅವರ ಗಂಟೆ."

ಅವನದು ಸೋಫಾ ರಿಪೇರಿ. ಹಳೆಯ ಸೋಫಾಗಳ ಹೊಟ್ಟೆ ಬಗೆದು, ಜೋತುಬಿದ್ದ ಸ್ಪ್ರಿಂಗು ಕಿತ್ತು, ಹೊಸ ಸ್ಪಂಜು ತುಂಬಿ, ಬಟ್ಟೆ ಎಳೆದು ಮೊಳೆ ಹೊಡೆಯುವ ಕೆಲಸ. "ದಿನಾ ಆಪರೇಷನ್ ಮಾಡೋನು ನಾನು, ಜನ ಡಾಕ್ಟ್ರು ಅನ್ನೋದು ಮಾತ್ರ ಬೇರೆಯವರನ್ನ" ಎಂದು ನಗಿಸುತ್ತಿದ್ದ.

ಅವರಿಗೆ ಅವಳಿ ಮಕ್ಕಳು, ಹೆಣ್ಣೊಂದು ಗಂಡೊಂದು. ಹುಡುಗಿ ಸ್ವಲ್ಪವೇ ಸ್ವಲ್ಪ ಮುಂಚೆ ಹುಟ್ಟಿದವಳು. ಆ ಸ್ವಲ್ಪದ ಬಲದ ಮೇಲೆ ತಮ್ಮನಿಂದ 'ಅಕ್ಕ' ಎಂದೇ ಕರೆಸಿಕೊಳ್ಳುತ್ತಿದ್ದಳು. ಚಿಕ್ಕವರಿದ್ದಾಗ ಶಾಲೆ ಬಿಟ್ಟ ಮೇಲೆ ಇಬ್ಬರೂ ಬರುತ್ತಿದ್ದದ್ದು ಆಸ್ಪತ್ರೆಗೇ. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಅಕ್ಕ ಒಂದು ಮೂಲೆ ಹಿಡಿದು ಹೋಮ್‌ವರ್ಕ್ ಮುಗಿಸಿ, ಡಾಕ್ಟರ ಬಾಗಿಲು ತೆರೆದಾಗಲೆಲ್ಲ ಕತ್ತು ನೀಳ ಮಾಡಿ ಒಳಗೆ ಇಣುಕುತ್ತಿದ್ದಳು. ತಮ್ಮ ಬೆಂಚಿನಿಂದ ಬೆಂಚಿಗೆ ಅಲೆಯುತ್ತಿದ್ದ. ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತ ಅಜ್ಜಂದಿರ ಪಕ್ಕ ಕೂತು ಅವರ ಕತೆ ಕೇಳುತ್ತಿದ್ದ, ಅವರಿಗೆ ನೀರು ತಂದು ಕೊಡುತ್ತಿದ್ದ. ಅವನ ಹೋಮ್‌ವರ್ಕ್ ಮಾತ್ರ ಚೀಲದಲ್ಲೇ ಇರುತ್ತಿತ್ತು.

ಡಾಕ್ಟರಾಗಬೇಕು ಎಂದು ಮೊದಲು ಹೇಳಿದ್ದು ಅಕ್ಕ. "ನಾನೂ" ಎಂದ ತಮ್ಮ. ಅಷ್ಟೇ. ಅವನನ್ನು ಬೇರೆಯಾಗಿ ಕೂರಿಸಿಕೊಂಡು ನಿನಗೇನು ಇಷ್ಟ ಎಂದು ಕೇಳಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಒಟ್ಟಿಗೆ ಹುಟ್ಟಿದವರು, ಒಟ್ಟಿಗೆ ಹಲ್ಲು ಬಂದವರು, ಒಟ್ಟಿಗೆ ಡಾಕ್ಟರೂ ಆಗುತ್ತಾರೆ ಎಂದುಕೊಂಡರು. ತಾಯಿಗೆ ಅದಕ್ಕಿಂತ ಹೆಚ್ಚಿನ ಸುಖ ಬೇಕಿರಲಿಲ್ಲ. ಇಷ್ಟು ವರ್ಷ ಬಾಗಿಲ ಹೊರಗೆ ಕೂತವಳು. ತನ್ನ ಮಕ್ಕಳು ಬಾಗಿಲ ಒಳಗೆ ಕೂರುತ್ತಾರೆ.

ಪ್ರವೇಶ ಪರೀಕ್ಷೆ ಹತ್ತಿರವಾದಂತೆ ಮನೆಯ ನಕ್ಷೆಯೇ ಬದಲಾಯಿತು. ಮುಂದಿನ ಕೋಣೆ ಓದುವ ಕೋಣೆಯಾಯಿತು. ಗಂಡ ತನ್ನ ಬಟ್ಟೆ ಕತ್ತರಿಸುವ ಮೇಜನ್ನು ಹೊರಗಿನ ಚಪ್ಪರಕ್ಕೆ ಸಾಗಿಸಿದ. ರಸ್ತೆಯ ಗದ್ದಲ ಕೇಳಬಾರದೆಂದು ಉಳಿದ ಸ್ಪಂಜನ್ನೆಲ್ಲ ಕಿಟಕಿಗೆ ಜಡಿದ. ಗದ್ದಲವೇನೋ ನಿಂತಿತು, ಅದರ ಜೊತೆ ಗಾಳಿಯೂ ನಿಂತಿತು. ಮಕ್ಕಳು ಬೆವರಿ ತೊಪ್ಪೆಯಾಗಿ ಹೊರಗೆ ಬಂದದ್ದನ್ನು ನೋಡಿ ಅರ್ಧ ಸ್ಪಂಜು ಕಿತ್ತ. ಇಬ್ಬರಿಗೂ ಮೆತ್ತನೆಯ ಕುರ್ಚಿ ಮಾಡಿಕೊಟ್ಟ. ಮಗ ಅದರಲ್ಲಿ ಕೂತ ಕೂಡಲೇ ಗೊರಕೆ ಹೊಡೆಯತೊಡಗಿದ. ಅಪ್ಪ ಒಂದೊಂದೇ ಪದರ ಸ್ಪಂಜು ತೆಗೆಯುತ್ತ ಹೋಗಿ, ಕೊನೆಗೆ ಬರೀ ಹಲಗೆ ಉಳಿಸಿ, "ನಿದ್ದೆ ಬರದಂಥ ಕುರ್ಚೀನ ನಾನು ಜನ್ಮದಲ್ಲಿ ಮಾಡಿರಲಿಲ್ಲ ಕಣೋ, ಅದನ್ನೂ ಮಾಡಿಸಿದೆ ನೀನು" ಎಂದ.

ಇಬ್ಬರೂ ಬರೆಯುವ ಪರೀಕ್ಷೆ ಪಾಸಾದರು. ಇನ್ನು ಉಳಿದದ್ದು ಕಾಲೇಜಿನ ಸಂದರ್ಶನ. ಆಕೆ ಹಿಂದೆ ಮುಂದೆ ನೋಡಿ, ಕೊನೆಗೆ ಧೈರ್ಯ ಮಾಡಿ, ಮಕ್ಕಳಿಗೆ ಒಮ್ಮೆ ಅಭ್ಯಾಸ ಮಾಡಿಸುತ್ತೀರಾ ಎಂದು ತನ್ನ ಡಾಕ್ಟರನ್ನು ಕೇಳಿದಳು. ಡಾಕ್ಟರು ಮಾತು ಕಡಿಮೆಯ ಹೆಂಗಸು. "ರಜೆ ದಿನ ಕರ್ಕೊಂಡು ಬನ್ನಿ" ಎಂದರು.

ಖಾಲಿ ಆಸ್ಪತ್ರೆಯಲ್ಲಿ ಅಂದು ಒಬ್ಬೊಬ್ಬರನ್ನೇ ಒಳಗೆ ಕರೆದು ಪ್ರಶ್ನೆ ಕೇಳಿದರು. ತಾಯಿ ತನ್ನ ಮೇಜಿನ ಹಿಂದೆ ಕೂತು, ಬಾಗಿಲಿನಾಚೆಯಿಂದ ಬರುವ ದನಿಗಳನ್ನು ಆಲಿಸಿದಳು. ಮಗಳ ಮಾತು ತಡೆಯಿಲ್ಲದೆ ಬಂತು. ಮಗನ ಸರದಿಯಲ್ಲಿ ಮೌನವೇ ಜಾಸ್ತಿ. ಒಮ್ಮೆ ಅವನೇ ಡಾಕ್ಟರಿಗೆ ಏನೋ ಕೇಳಿದ, ಡಾಕ್ಟರು ನಕ್ಕದ್ದು ಕೇಳಿಸಿತು.

ಮಕ್ಕಳು ಮೆಟ್ಟಿಲಿಳಿದು ಹೋದ ಮೇಲೆ ಡಾಕ್ಟರು ಹೊರಗೆ ಬಂದರು.

"ಹುಡುಗಿ ರೆಡಿ ಇದಾಳೆ," ಎಂದರು. ಕನ್ನಡಕ ಒರೆಸಿಕೊಂಡರು. "ಹುಡುಗ ತುಂಬಾ ಒಳ್ಳೆಯವನು."

ಅಷ್ಟು ವರ್ಷ ಆ ಡಾಕ್ಟರ ಜೊತೆ ಕೆಲಸ ಮಾಡಿದವಳಿಗೆ ಆ ಎರಡು ಮಾತುಗಳ ನಡುವಿನ ಅಂತರ ಅರ್ಥವಾಗದೆ ಇರಲಿಲ್ಲ. ಕೆಳಗೆ ಔಷಧಿ ಅಂಗಡಿಯ ಮುಂದೆ ಮಕ್ಕಳು ಕಾಯುತ್ತಿದ್ದರು.

"ಏನಂದ್ರಮ್ಮಾ?"

"ಇಬ್ರೂ ಚೆನ್ನಾಗಿ ಹೇಳಿದ್ರಿ ಅಂದ್ರು," ಎಂದಳು. ಆ ಮಾತು ನಾಲಿಗೆಯ ಮೇಲೆ ಸಲೀಸಾಗಿ ಹೊರಳಿತು. ವರ್ಷಗಟ್ಟಲೆಯ ಅಭ್ಯಾಸ.

ಕಾಲೇಜಿನ ಸಂದರ್ಶನವೂ ಮುಗಿದು ಫಲಿತಾಂಶ ಬಂದ ದಿನ ಗಂಡ ತಡೆಯಲಾರದೆ ಬೆಳಿಗ್ಗೆಯೇ ಹೋಗಿ ಸಿಹಿಯ ಡಬ್ಬಿ ತಂದಿದ್ದ. ಮಗಳಿಗೆ ಸೀಟು ಸಿಕ್ಕಿತ್ತು. ಮಗ ವೇಟಿಂಗ್ ಲಿಸ್ಟಿನಲ್ಲಿದ್ದ, ಅದೂ ಸಾಕಷ್ಟು ಕೆಳಗೆ. ಸೀಟು ಸಿಕ್ಕವರಲ್ಲಿ ಯಾರಾದರೂ ಬೇಡವೆಂದರೆ ಒಬ್ಬೊಬ್ಬರಾಗಿ ಮೇಲೆ ಸರಿಯುತ್ತಾರೆ. ಅಪ್ಪ ಡಬ್ಬಿ ಹಿಡಿದುಕೊಂಡು ನಡುಮನೆಯಲ್ಲಿ ನಿಂತ. ಮಗಳ ಮುಖ ನೋಡಿದ, ಮಗನ ಮುಖ ನೋಡಿದ, ಹೆಂಡತಿಯ ಕಡೆ ತಿರುಗಿದ. ಆಕೆ ಕಣ್ಣಲ್ಲೇ ಬೇಡವೆಂದಳು. ಡಬ್ಬಿ ಬೀರುವಿನ ಮೇಲೆ ಹೋಯಿತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಎಲ್ಲರೂ ತುದಿಗಾಲಿನಲ್ಲಿ ಓಡಾಡಿದರು. ಮಗಳಿಗೆ ಗೆಳತಿಯರ ಫೋನು ಬಂದರೆ ಚಪ್ಪರದಾಚೆ ಹೋಗಿ ಪಿಸುಗುಡುತ್ತಿದ್ದಳು. ಮಗ ಬೆಳಿಗ್ಗೆ ಎದ್ದು ಮೊದಲು ಮೊಬೈಲಿನಲ್ಲಿ ಪಟ್ಟಿ ನೋಡುತ್ತಿದ್ದ. ಕೆಲವು ದಿನ ಅವನ ಹೆಸರು ಒಂದಿಷ್ಟು ಮೇಲೆ ಸರಿದಿರುತ್ತಿತ್ತು, ಹೆಚ್ಚಿನ ದಿನ ಇದ್ದಲ್ಲೇ ಇರುತ್ತಿತ್ತು.

"ಬಂದೇ ಬರುತ್ತೆ ಕಣೋ," ಎನ್ನುತ್ತಿದ್ದಳು ತಾಯಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ಇನ್ನು ಸ್ವಲ್ಪ ದಿನ ಅಷ್ಟೇ."

ಅವನು ನಂಬಿದ. ಹಾಗಾಗಿಯೇ, ಇರಲಿ ಎಂದು ಅರ್ಜಿ ಹಾಕಿದ್ದ ಫಿಸಿಯೋಥೆರಪಿ ಕಾಲೇಜಿನವರು ಸೀಟು ಕೊಡುತ್ತೇವೆ, ಬಂದು ಸೇರಿ ಎಂದು ಕರೆದಾಗ ಉತ್ತರವನ್ನೇ ಕೊಡಲಿಲ್ಲ. ಅಲ್ಲಿ ಸೇರುವ ಗಡುವು ಮುಗಿಯುತ್ತ ಬಂದಿತ್ತು.

ಮೊದಲು ಬಾಯಿ ಬಿಟ್ಟವಳು ಮಗಳು. ಬೀರುವಿನ ಮೇಲಿನಿಂದ ಇರುವೆಗಳ ಸಾಲು ಗೋಡೆಯುದ್ದಕ್ಕೂ ಇಳಿಯುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು. ಕುರ್ಚಿ ಹತ್ತಿ ಡಬ್ಬಿ ಇಳಿಸಿದಳು. ಸಿಹಿ ಪೂರ್ತಿ ಕಪ್ಪಾಗಿ ಇರುವೆ ಮುತ್ತಿಕೊಂಡಿತ್ತು. ಅಡುಗೆಮನೆಗೆ ತಂದು ಅಮ್ಮನ ಮುಂದೆ ಕುಕ್ಕಿದಳು.

"ಇರುವೆಗಳಿಗಾದ್ರೂ ಖುಷಿ ಆಯ್ತಲ್ಲ," ಎಂದಳು. ಅಷ್ಟರಲ್ಲಿ ದನಿ ಒಡೆಯಿತು. "ಅಮ್ಮಾ, ನಂಗೆ ಸೀಟು ಸಿಕ್ಕಿದ್ದು ತಪ್ಪಾ? ಒಂದು ಸಲನಾದ್ರೂ ಭೇಷ್ ಅಂದ್ಯಾ ನೀನು? ನಾನೇ ಅವನ ಸೀಟು ಕಿತ್ಕೊಂಡೆ ಅನ್ನೋ ಹಾಗೆ ಇದೀರಿ ಎಲ್ರೂ."

"ಹಾಗಲ್ಲ ಕಣೇ. ಅವನದೂ ಒಂದು ಗೊತ್ತಾಗ್ಲಿ ಅಂತ..."

"ಏನು ಗೊತ್ತಾಗ್ಬೇಕು? ನಿಂಗೆ ನಿಜವಾಗ್ಲೂ ಅವನಿಗೆ ಸಿಗುತ್ತೆ ಅನ್ಸುತ್ತಾ?"

ತಾಯಿ ಡಬ್ಬಿಯನ್ನು ಎತ್ತಿ ಹೊರಗೆ ಒಯ್ದಳು. ಒಬ್ಬಳ ಸಂತೋಷವನ್ನು ಬೀರುವಿನ ಮೇಲಿಟ್ಟಿದ್ದೆ, ಇನ್ನೊಬ್ಬನನ್ನು ಬೆಂಚಿನ ಮೇಲೆ ಕೂರಿಸಿದ್ದೆ ಎಂಬುದು ಅವಳಿಗೆ ಆ ಕ್ಷಣದಲ್ಲಿ ಕಣ್ಣಿಗೆ ಕಟ್ಟಿದಂತೆ ಕಂಡಿತು. ಇಬ್ಬರಿಗೂ ಒಳ್ಳೆಯದಾಗಲಿ ಎಂದು ಮಾಡಿದ್ದರಿಂದ ಇಬ್ಬರಿಗೂ ಒಳ್ಳೆಯದಾಗಿರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಊಟದ ಬಿಡುವಿನಲ್ಲಿ ಬೆಂಚುಗಳು ಖಾಲಿಯಾಗಿದ್ದಾಗ, ಆಕೆ ಮೆಡಿಕಲ್ ಕಾಲೇಜಿನ ಆಫೀಸಿಗೆ ಫೋನು ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಂಗಸು ಎತ್ತಿದಳು. ಮಗನ ವಿವರ ಹೇಳಿ, ಲಿಸ್ಟು ಅಲ್ಲಿವರೆಗೆ ಬರುತ್ತಾ ಎಂದು ಕೇಳಿದಳು.

"ಇನ್ನೊಂದು ವಾರ ನೋಡಿ ಮೇಡಂ, ಅಷ್ಟೇ," ಎಂದಿತು ಆಚೆಯ ದನಿ. ಮೃದುವಾದ, ಅಕ್ಕರೆಯ, ಎಷ್ಟು ಜನಕ್ಕೆ ಬೇಕಾದರೂ ಹಂಚಬಹುದಾದ ದನಿ. ಆಕೆ ಒಂದು ಕ್ಷಣ ಬೆಚ್ಚಿದಳು. ತನ್ನ ದನಿಯನ್ನೇ ಯಾರೋ ಫೋನಿನಲ್ಲಿ ತನಗೆ ಕೇಳಿಸಿದಂತಾಯಿತು. ಎಷ್ಟು ಸಿಹಿಯಾಗಿದೆ ಎನಿಸಿತು. ಅದರ ಬೆನ್ನಿಗೇ ಅಷ್ಟೇ ಸಿಟ್ಟೂ ಬಂತು.

"ತಂಗೀ," ಎಂದಳು, "ನಾನೂ ಇದೇ ಕೆಲಸ ಮಾಡೋಳು. ಆಸ್ಪತ್ರೆ ಮುಂದುಗಡೆ ಮೇಜಿನಲ್ಲಿ ಕೂರ್ತೀನಿ. ದಿನಾ ಎಲ್ರಿಗೂ ಇನ್ನೊಂದು ಹತ್ತು ನಿಮಿಷ ಅಂತೀನಿ. ನೀನು ಯಾಕೆ ಹಾಗೆ ಹೇಳ್ತೀಯ ಅಂತ ಗೊತ್ತು ನಂಗೆ, ಅದಕ್ಕೆ ಬೇಜಾರಿಲ್ಲ. ಆದ್ರೆ ಹುಡುಗ ಬೇರೆ ಸೀಟು ಬಿಟ್ಟು ಕೂತಿದಾನೆ. ಇದ್ದಿದ್ದು ಇದ್ದ ಹಾಗೆ ಹೇಳಮ್ಮ."

ಆಚೆ ಕಡೆ ಕುರ್ಚಿ ಸರಿದ ಸದ್ದು. ಮತ್ತೆ ಬಂದಾಗ ಆ ದನಿ ತಗ್ಗಿತ್ತು, ಅದರ ಸಕ್ಕರೆ ಕರಗಿಹೋಗಿತ್ತು.

"ಖಚಿತವಾಗಿ ಹೇಳಕ್ಕಾಗಲ್ಲ ಅಕ್ಕ. ಆದ್ರೆ ನಾನಿಲ್ಲಿಗೆ ಬಂದಾಗಿಂದ ಲಿಸ್ಟು ಅಷ್ಟು ಕೆಳಗೆ ಇಳಿದಿದ್ದು ನೋಡಿಲ್ಲ. ನನ್ನ ತಮ್ಮ ಆಗಿದ್ರೆ ಇನ್ನೊಂದು ಕಡೆ ಸೇರ್ಕೋ ಅಂತಿದ್ದೆ."

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ತಾಯಿ," ಎಂದು ಫೋನಿಟ್ಟಳು. ಡಾಕ್ಟರಿಗೆ ಹೇಳಿ ಅರ್ಧ ದಿನ ರಜೆ ಹಾಕಿ ಮನೆಗೆ ನಡೆದಳು.

ಮಗ ಚಪ್ಪರದಲ್ಲಿದ್ದ. ಅಪ್ಪ ಗಿರಾಕಿಯ ಮನೆಗೆ ಹೋಗಿದ್ದ. ಬಟ್ಟೆ ಬಿಚ್ಚಿದ ಸೋಫಾವೊಂದು ಅಸ್ಥಿಪಂಜರದ ಹಾಗೆ ನಿಂತಿತ್ತು. ಹುಡುಗ ಅದರ ಹಳೆಯ ಮೊಳೆಗಳನ್ನು ಇಕ್ಕಳದಿಂದ ಕೀಳುತ್ತ ಕೂತಿದ್ದ. ತಾಯಿ ಅವನೆದುರು ಸ್ಪಂಜಿನ ಸುರುಳಿಯ ಮೇಲೆ ಕೂತಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು, ಈಗ ಒಂದೂ ಕೈಗೆ ಸಿಗಲಿಲ್ಲ.

"ಕಾಲೇಜಿಗೆ ಫೋನ್ ಮಾಡಿದ್ದೆ," ಎಂದಳು. "ಬರಲ್ಲ ಅನ್ಸುತ್ತೆ ಕಣೋ."

ಅವನ ಕೈ ನಿಂತಿತು. "ಇನ್ನೂ ಒಂದು ವಾರ ಇದ್ಯಲ್ಲ."

"ಇದೆ. ಆದ್ರೂ ಬರಲ್ಲ ಅನ್ಸುತ್ತೆ."

"ದಿನಾ ಬರುತ್ತೆ ಬರುತ್ತೆ ಅಂತಿದ್ದೋಳು ನೀನೇ."

"ಹೌದು. ನಂಗೆ ಗೊತ್ತಿಲ್ದೇನೇ ಹೇಳ್ತಿದ್ದೆ. ನಿನ್ನ ಮುಖ ನೋಡಕ್ಕಾಗ್ದೆ ಹೇಳ್ತಿದ್ದೆ."

ಅವನು ಒಂದು ಮೊಳೆ ಕಿತ್ತು ಡಬ್ಬಕ್ಕೆ ಹಾಕಿದ. ಆಮೇಲೆ ತಲೆ ಎತ್ತದೆಯೇ ಕೇಳಿದ: "ಅವತ್ತು ಡಾಕ್ಟ್ರು ಏನಂದ್ರು? ನಿಜ ಹೇಳು."

ಸುಳ್ಳು ಹೇಳಲು ಅದಕ್ಕಿಂತ ಸುಲಭದ ಗಳಿಗೆ ಇರಲಿಲ್ಲ. ಹುಡುಗ ಅದನ್ನೇ ಬೇಡುತ್ತಿದ್ದಾನೇನೋ ಎಂದೂ ಅನಿಸಿತು.

"ಅಕ್ಕ ರೆಡಿ ಇದಾಳೆ ಅಂದ್ರು. ನೀನು ತುಂಬಾ ಒಳ್ಳೆಯವನು ಅಂದ್ರು."

ಅವನು ನಕ್ಕ. "ಅಂದ್ರೆ ನಿಂಗೆ ಆಗ್ಲೇ ಗೊತ್ತಿತ್ತು," ಎಂದ. ಇಕ್ಕಳವನ್ನು ಸೋಫಾದ ಮೇಲೆ ಎಸೆದು, ಚಪ್ಪಲಿ ಮೆಟ್ಟಿ ಗೇಟು ದಾಟಿ ಹೋದ. ಆಕೆ ಕರೆಯಲಿಲ್ಲ. ಕರೆದರೆ ಮತ್ತೇನಾದರೂ ಸಮಾಧಾನದ ಮಾತು ಬಾಯಿಗೆ ಬಂದೀತೆಂದು ಹೆದರಿ ತುಟಿ ಕಚ್ಚಿಕೊಂಡು ಕೂತಳು.

ಸಂಜೆ ಅವನನ್ನು ಹುಡುಕಿಕೊಂಡು ಹೋದವಳು ಅಕ್ಕ. ಆಟದ ಮೈದಾನದ ಕಟ್ಟೆಯ ಮೇಲೆ ಇಬ್ಬರೂ ಕೂತು ಏನು ಮಾತಾಡಿದರೋ ಯಾರಿಗೂ ಗೊತ್ತಿಲ್ಲ. ವಾಪಸು ಬಂದಾಗ ಇಬ್ಬರ ಕಣ್ಣೂ ಊದಿದ್ದವು, ಇಬ್ಬರ ಕೈಯಲ್ಲೂ ಕಡಲೆಕಾಯಿಯ ಪೊಟ್ಟಣ ಇತ್ತು. ಮಗ ಎರಡು ದಿನ ತಾಯಿಯ ಜೊತೆ ಮಾತು ಬಿಟ್ಟ. ಮೂರನೆಯ ದಿನ ಅವಳು ಕೆಲಸಕ್ಕೆ ಹೊರಟಾಗ ಬಾಗಿಲಿಗೆ ಬಂದು, "ಈಗ ಫಿಸಿಯೋಗೆ ಸೇರ್ಕೊಂಡು, ಮುಂದಿನ ವರ್ಷ ಇನ್ನೊಂದ್ಸಲ ಎಕ್ಸಾಮ್ ಬರೀಲಾ?" ಎಂದು ಕೇಳಿದ.

"ಬರೀಬೇಕು ಅನ್ಸಿದ್ರೆ ಬರಿ. ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ."

"ಹೇಳ್ಬೇಡ," ಎಂದ. ಚಪ್ಪಲಿಗೆ ಕಾಲು ತೂರಿಸುತ್ತ, "ಜೊತೆಗೆ ಬರ್ತೀಯಾ ಇವತ್ತು? ಕಾಲೇಜಿಗೆ?"

ಹೋದರು. ದಾರಿಯಲ್ಲಿ ಆಕೆ ಸಿಹಿಯಂಗಡಿಯ ಮುಂದೆ ನಿಂತಳು. ಮಗನನ್ನೇ ಕೇಳಿ, ಮಗಳಿಗೆ ಇಷ್ಟವಾದದ್ದನ್ನು ಕಟ್ಟಿಸಿದಳು. ಸಂಜೆ ಮನೆಯಲ್ಲಿ ಡಬ್ಬಿ ತೆರೆದು, ಮೊದಲ ತುಂಡನ್ನು ಮಗಳ ಬಾಯಿಗಿಟ್ಟು, "ಭೇಷ್ ಕಣೇ" ಎಂದಳು. ತಡವಾಗಿತ್ತು. ಮಗಳು ಬಾಯಿ ತುಂಬ ಸಿಹಿ ಇಟ್ಟುಕೊಂಡೇ ಅತ್ತಳು, ನಗುತ್ತಲೂ ಇದ್ದಳು. ತಮ್ಮ ಅವಳ ಬೆನ್ನಿಗೊಂದು ಗುದ್ದಿ, "ಅಕ್ಕ ಅಂತ ಕರೆದಿದ್ದಕ್ಕೆ ಫೀಸು ಇಲ್ದೆ ಕಣ್ಣು, ಕಿವಿ, ಹೊಟ್ಟೆ ಎಲ್ಲ ನೋಡ್ಬೇಕು" ಎಂದ.

ಇದಾದ ಮೇಲೆ ಆಕೆ ಆಸ್ಪತ್ರೆಯಲ್ಲೂ ನಿಜ ಹೇಳಲು ಶುರುಮಾಡಿದಳು. "ಇನ್ನೂ ಒಂದೂವರೆ ಗಂಟೆ ಆಗುತ್ತೆ. ಕೆಲಸ ಇದ್ರೆ ಮುಗಿಸ್ಕೊಂಡು ಬನ್ನಿ" ಎಂದಳು. ಕೆಲವರು ಖುಷಿಪಟ್ಟರು. ಎದ್ದು ಹೋದವರಲ್ಲಿ ಕೆಲವರು ಬರಲೇ ಇಲ್ಲ. ಡಾಕ್ಟರು ಹೊರಗೆ ಇಣುಕಿ, "ಏನ್ರೀ, ಬಂದವರನ್ನೆಲ್ಲ ಓಡಿಸ್ತಿದೀರಂತೆ?" ಎಂದರು. ಒಂದು ದಿನ ಆಪರೇಷನ್ನಿಗೆ ಬಂದ ಮುದುಕಿಯೊಬ್ಬಳು ಆಕೆಯ ಮಣಿಕಟ್ಟು ಬಿಗಿಯಾಗಿ ಹಿಡಿದು, "ಇನ್ನೆಷ್ಟು ಹೊತ್ತು ಮಗಳೇ?" ಎಂದು ಕೇಳಿದಳು. ಒಳಗೆ ಇನ್ನೂ ಇಬ್ಬರ ಆಪರೇಷನ್ ಆಗಬೇಕಿತ್ತು. ಆಕೆ ಮುದುಕಿಯ ಮುಖ ನೋಡಿ, "ಇನ್ನೊಂದು ಹತ್ತು ನಿಮಿಷ ಅಜ್ಜಿ" ಎಂದಳು. ಹಾಗೆ ಹೇಳಿದ್ದಕ್ಕೆ ನಾಚಿಕೆಯಾಗಲಿಲ್ಲ. ಯಾರಿಗೆ ಯಾವುದನ್ನು ಹೇಳಬೇಕು ಎಂಬುದು ಒಂದೇ ಸಲ ಕಲಿತು ಮುಗಿಸುವ ಪಾಠವಲ್ಲ ಎಂದು ಆಕೆ ನಂತರ ಗಂಡನ ಬಳಿ ಹೇಳಿಕೊಂಡಳು. ಪ್ರತಿ ಸಲವೂ ಮುಖ ನೋಡಿಯೇ ತೀರ್ಮಾನಿಸಬೇಕು. ತಪ್ಪೂ ಆಗುತ್ತದೆ.

ಮುಂದಿನ ವರ್ಷ ಅರ್ಜಿ ಹಾಕುವ ಸಮಯ ಬಂತು. ತಾಯಿಗೆ ಕೊನೆಯ ದಿನಾಂಕ ಚೆನ್ನಾಗಿ ನೆನಪಿತ್ತು. ಹಲವು ಬಾರಿ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಮಗ ಆ ದಿನಗಳಲ್ಲಿ ಪಾರ್ಶ್ವವಾಯು ಹೊಡೆದ ಒಬ್ಬ ದರ್ಜಿಗೆ ಮತ್ತೆ ಬೆರಳು ಮಡಿಸಲು ಕಲಿಸುವ ತರಬೇತಿಯಲ್ಲಿದ್ದ. ಮನೆಗೆ ಬಂದರೆ ಅದೇ ಮಾತು. ದಿನಾಂಕ ಕಳೆದು ಬಹಳ ದಿನಗಳಾದ ಮೇಲೆ ಊಟಕ್ಕೆ ಕೂತಾಗ, "ಅರೆ, ಅರ್ಜಿ ಹಾಕೋದು ಮರೆತೇ ಹೋಯ್ತಲ್ಲ" ಎಂದ. ನಿಜವಾಗಿ ಮರೆತನೋ, ಮರೆಯಲು ಬಿಟ್ಟನೋ, ಆಕೆ ಕೇಳಲಿಲ್ಲ. ಒಳಗೊಳಗೆ ಏನೋ ಒಂದು ಮುರಿದ ಹಾಗೂ ಆಯಿತು, ಭಾರ ಇಳಿದ ಹಾಗೂ ಆಯಿತು. ಬಾಗಿಲ ಒಳಗೆ ಎರಡು ಕುರ್ಚಿಗಳನ್ನು ಕಲ್ಪಿಸಿಕೊಂಡವಳು ಆಕೆ. ಈಗಲೂ ಯಾರಾದರೂ "ಮಕ್ಕಳು ಏನ್ ಓದ್ತಿದಾರೆ?" ಎಂದು ಕೇಳಿದರೆ ಮಗಳ ವಿಷಯವೇ ಮೊದಲು ಬಾಯಿಗೆ ಬರುತ್ತದೆ. ಅದನ್ನು ಗಮನಿಸಿ ತನ್ನ ಮೇಲೆ ತಾನೇ ಬೇಸರಪಟ್ಟುಕೊಳ್ಳುತ್ತಾಳೆ.

ಮಗಳಿಗೂ ಎಲ್ಲ ಸಲೀಸಾಗಲಿಲ್ಲ. ಹಾಸ್ಟೆಲಿನಿಂದ ಫೋನು ಮಾಡಿ, ಅಂಗರಚನೆಯ ಪಾಠ ತಲೆಗೆ ಹೋಗುತ್ತಿಲ್ಲ ಎಂದು ಅಳುತ್ತಿದ್ದಳು. ಅಂಥ ಹೊತ್ತಿನಲ್ಲಿ ಅವಳು ಕೇಳುತ್ತಿದ್ದದ್ದು ಅಮ್ಮನನ್ನಲ್ಲ, ತಮ್ಮನನ್ನು. ಅದೇ ಪಾಠ ಅವನಿಗೂ ಇತ್ತು.

ಮೊನ್ನೆ ಅವಳು ರಜೆಗೆ ಬಂದಿದ್ದಳು. ಅಪ್ಪನ ಬಲಭುಜ ಬಿಗಿದುಕೊಂಡು, ಕೈ ತಲೆಯವರೆಗೂ ಏಳದಂತಾಗಿತ್ತು. ಮಗ ಅವನನ್ನು ಚಪ್ಪರದಲ್ಲಿ ಸ್ಟೂಲಿನ ಮೇಲೆ ಕೂರಿಸಿ, ತೋಳನ್ನು ನಿಧಾನವಾಗಿ ಎತ್ತುತ್ತ, "ಇಲ್ಲಿ ನೋವಾ? ಇಲ್ಲಿ?" ಎಂದು ಕೇಳುತ್ತಿದ್ದ. ಅಪ್ಪ ಬೀದಿಗೆಲ್ಲ ಕೇಳುವಂತೆ ಕಿರುಚಿಕೊಳ್ಳುತ್ತಿದ್ದ. ಮಗಳು ಪಕ್ಕದಲ್ಲಿ ನಿಂತು, ಬಿಗಿದುಕೊಂಡಿರುವುದು ಆ ಸ್ನಾಯುವಲ್ಲ, ಅದರ ಕೆಳಗಿನದು ಎಂದಳು. ಮಗ ಒಪ್ಪಲಿಲ್ಲ. ಮಗಳು ಅಪ್ಪನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಮಗ ಇನ್ನೊಂದು ಗೆರೆ ಎಳೆದ. ತಾಯಿ ಒಳಗಿನಿಂದ ಚಹಾದ ಲೋಟಗಳನ್ನು ತಂದು ಬಾಗಿಲಲ್ಲೇ ನಿಂತಳು.

"ನಿಮ್ಮ ವಾದ ಆಮೇಲೆ ಮುಗಿಸ್ಕೊಳ್ಳಿ," ಎಂದ ಅಪ್ಪ, ಗಾಳಿಯಲ್ಲಿ ನಿಂತ ತನ್ನ ತೋಳನ್ನೇ ನೋಡುತ್ತ. "ಮೊದ್ಲು ನನ್ನ ಕೈ ಕೆಳಗಿಳಿಸ್ರೋ."